ಗೇಟಿನ ತನಕ ನೀವೂ ಜೊತೆಗೆ ಹೋಗಿ

ಪ್ರಶ್ನೆ: ನಮ್ಮ ಯಜಮಾನರು ಕುಡಿತ ಬಿಡ್ತೀನಿ ಅಂತಿದ್ದಾರೆ. ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಸಭೆಗೆ ಹೋಗಲು ನಾಚಿಕೆ. ಹೆಸರು ಹೊರಗೆ ಬರುತ್ತಾ? ಸಭೆ ಹುಡುಕುವುದು ಹೇಗೆ?
– ಓದುಗರು, ಹಾಸನ

ಉತ್ತರ: ಬರಲ್ಲಮ್ಮ. ಅಲ್ಲಿ ಪೂರ್ತಿ ಹೆಸರನ್ನೇ ಕೇಳುವುದಿಲ್ಲ. ನಾನೂ ಮೊದಲ ದಿನ ಗೇಟಿನ ಹೊರಗೆ ಸ್ಕೂಟರ್ ಹಿಡಿದು ಅರ್ಧ ಗಂಟೆ ನಿಂತಿದ್ದವನು. ಒಳಗೆ ಹೋದೆ. ಚಹಾ ಕೊಟ್ಟರು. ಕೈ ನಡುಗಿ ಅಂಗಿ ಮೇಲೆಲ್ಲ ಚೆಲ್ಲಿಕೊಂಡೆ. ಪಕ್ಕದ ಹಿರಿಯರು ಏನೂ ಕೇಳಲಿಲ್ಲ. ಇನ್ನೊಂದು ಲೋಟಕ್ಕೆ ಅರ್ಧ ಮಾತ್ರ ಚಹಾ ಹಾಕಿ ಕೊಟ್ಟರು. ಅವರ ಕೈಯೂ ಒಂದು ಕಾಲದಲ್ಲಿ ಹಾಗೇ ನಡುಗಿತ್ತು ಅಂತ ಆಗಲೇ ಗೊತ್ತಾಯಿತು. ನಾನು ಮರುವಾರವೂ ಹೋಗಿದ್ದು ಆ ಅರ್ಧ ಲೋಟಕ್ಕೆ.

1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರಿಂದ ಶುರುವಾದ ಕೂಟ ಇದು. ಫೀಸು ಇಲ್ಲ. ಬಿಡುವ ಆಸೆ ಇದ್ದರೆ ಸಾಕು. ಹತ್ತಿರದ ಸಭೆಯನ್ನು ಎಎ ವೆಬ್‌ಸೈಟಿನಲ್ಲಿ ನೋಡಿ. ವ್ಯಸನ ಬಿಡಿಸುವ ಸರ್ಕಾರಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿದರೂ ಸಲಹೆ ಸಿಗುತ್ತದೆ, ದುಡ್ಡು ಬೇಡ.

ದಿನಾ ಜಾಸ್ತಿ ಕುಡಿಯುವವರಾದರೆ ಏಕಾಏಕಿ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಮೊದಲು ಡಾಕ್ಟರಿಗೆ ತೋರಿಸಿ. ಮನೆಯವರಿಗೆಂದೇ ಅಲ್-ಅನಾನ್ ಸಭೆಗಳಿವೆ. ಯಜಮಾನರು ಹೊರಡದಿದ್ದರೂ ನೀವು ಅಲ್ಲಿಗೆ ಹೋಗಿ.