ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ ಅನ್ನೋದಕ್ಕಿಂತ ಪಿಎನ್‌ಆರ್ ಎಷ್ಟು ಅನ್ನೋದು ಮುಖ್ಯ
ಅಮ್ಮ ಮೈಸೂರಿನಿಂದ ಒಬ್ಬರೇ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕು, ಬೆಂಗಳೂರು–ದೆಹಲಿ ಟಿಕೆಟ್ ಬೇರೆ, ಅಂದರೆ ಬೇರೆ ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಆಗಿ ತಗೊಂಡರೆ ಅಗ್ಗ, ದೆಹಲಿಯಲ್ಲಿ ನಾಲ್ಕು ಗಂಟೆ ಸಾಕಾ ಅಂತ ಕೇಳಿದ್ದೀರಿ. ನಮ್ಮಮ್ಮನಿಗೆ ನಾನೂ ಹಾಗೇ ಬುಕ್ ಮಾಡಿದ್ದೆ. ವಿಮಾನ ತಪ್ಪಿತು.

ಬೆಂಗಳೂರಿನಿಂದ ದೂರ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ಎಲ್ಲೂ ಇಳಿಯದ ವಿಮಾನ ಶುರು ಮಾಡಿದಾಗ ಸುಮಾರು 17 ಗಂಟೆ ಹಿಡಿಯುತ್ತಿತ್ತು. ಟಿಕೆಟ್‌ನಲ್ಲಿರೋದು ಆಯಾ ಊರಿನ ಗಡಿಯಾರದ ಸಮಯ. ಅಲ್ಲಿ ಚಳಿಗಾಲದಲ್ಲಿ ನಮಗಿಂತ 13½ ಗಂಟೆ ಹಿಂದೆ, ಮಾರ್ಚ್‌ನಿಂದ ನವೆಂಬರ್‌ವರೆಗೆ 12½. ಅಷ್ಟು ಗೊತ್ತಿದ್ದರೆ ಸಾಕು. ಅಮ್ಮನಿಗೆ ಕಷ್ಟವಾಗೋದು ಆಕಾಶದಲ್ಲಲ್ಲ, ದೆಹಲಿಯ ನೆಲದ ಮೇಲೆ.

ನಾಲ್ಕು ಗಂಟೆ ಅಂದರೆ 240 ನಿಮಿಷ. ನಮಗೆ ಆದದ್ದು ಹೀಗೆ: ಬೆಂಗಳೂರಿಂದ ಹೊರಟ ವಿಮಾನ 70 ನಿಮಿಷ ತಡ. ಟಿಕೆಟ್ ಬೇರೆಯಾದ್ದರಿಂದ ಲಗೇಜು ಮುಂದಕ್ಕೆ ಹೋಗಲ್ಲ, ಬೆಲ್ಟ್ ಹತ್ತಿರ ನಿಂತು ಇಳಿಸಿಕೊಳ್ಳಬೇಕು. ಹಿಡಿಗೆ ಕೆಂಪು ಬಟ್ಟೆ ಕಟ್ಟಿದ್ದ ನಮ್ಮಮ್ಮನ ಎರಡನೇ ಪೆಟ್ಟಿಗೆ ಬರೋ ಹೊತ್ತಿಗೆ 40 ನಿಮಿಷ. ಇಳಿದದ್ದು ಟರ್ಮಿನಲ್ 1, ಹತ್ತಬೇಕಾದ್ದು ಟರ್ಮಿನಲ್ 3. ಹೆಸರಿಗೆ ಒಂದೇ ನಿಲ್ದಾಣ, ಆದರೆ ನಡೆದು ಹೋಗುವ ದೂರವಲ್ಲ. ಬಸ್ಸಿಗೆ ಕಾದು, ಹತ್ತಿ, ಇಳಿಯಲು 45. ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಿ ಸಾಲಿನಲ್ಲಿ ನಿಂತದ್ದು 25. ಉಳಿದದ್ದು 60. ವಿದೇಶಿ ವಿಮಾನದ ಕೌಂಟರ್ ಸಾಮಾನ್ಯವಾಗಿ ಮುಚ್ಚೋದೇ ಒಂದು ಗಂಟೆ ಮೊದಲು.

ಎರಡನೇ ವಿಮಾನದವರು ‘ಆ ಬೆಂಗಳೂರು–ದೆಹಲಿ ಟಿಕೆಟ್ ನಮ್ಮದಲ್ಲ’ ಅಂದರು. ನಿಯಮದ ಪ್ರಕಾರ ಅದು ಸರಿ. ಒಂದೇ ಪಿಎನ್‌ಆರ್ ಆಗಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸೋ ಹೊಣೆ ಅವರದು. ಎರಡಾದರೆ ನೀವು ‘ನೋ ಶೋ’, ಅಂದರೆ ಬರಲೇ ಇಲ್ಲ ಅಂತ ಲೆಕ್ಕ. ಆಗ ಅದೇ ಟಿಕೆಟ್‌ನ ವಾಪಸ್ ಪ್ರಯಾಣವೂ ರದ್ದಾಗುತ್ತೆ. ಇದು ನನಗೆ ಗೊತ್ತಿರಲಿಲ್ಲ. ಹೋಗೋದಕ್ಕೆ ಹೊಸ ಟಿಕೆಟ್ ಕೊಂಡು, ಬರೋದು ಇದೆಯಲ್ಲ ಅಂದುಕೊಂಡಿದ್ದೆ.

ಇನ್ನು ‘ಅಗ್ಗ’ ಅಂದಿರಲ್ಲ. ದೇಶದೊಳಗಿನ ಟಿಕೆಟ್‌ಗೆ ಸಾಮಾನ್ಯವಾಗಿ 15 ಕಿಲೋ ಲಗೇಜು. ಅಮೆರಿಕಕ್ಕೆ ಅಂತ ಚಟ್ನಿಪುಡಿ, ಹಪ್ಪಳ, ಸೀರೆ ಎಲ್ಲ ಸೇರಿ 23 ಕಿಲೋದ ಎರಡು ಪೆಟ್ಟಿಗೆ ತುಂಬಿದರೆ ಬೆಂಗಳೂರಲ್ಲೇ 31 ಕಿಲೋಗೆ ಹೆಚ್ಚುವರಿ ದುಡ್ಡು ಕಟ್ಟಬೇಕು. ಒಂದೇ ಟಿಕೆಟ್ ಆದರೆ ವಿದೇಶದ ಮಿತಿಯೇ ಮೊದಲಿಂದಲೂ ನಡೆಯುತ್ತೆ. ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿಬಿಡಿ, ನಡೆಯೋ ಶಕ್ತಿ ಇದ್ದರೂ ಸರಿ. ಒಬ್ಬರೇ ಹೋಗೋ ಅಮ್ಮನಿಗೆ ದಾರಿ ತೋರಿಸೋ ಜನ ಜೊತೆಗಿರುತ್ತಾರೆ.

ಹಾಗಾಗಿ ನಾಲ್ಕು ಗಂಟೆ ಸಾಕಾ, ಆರು ಬೇಕಾ ಅನ್ನೋ ಪ್ರಶ್ನೆಯನ್ನೇ ಬಿಡಿ. ಒಂದೇ ಪಿಎನ್‌ಆರ್ ತಗೊಳ್ಳಿ. ಬೇರೆ ಟಿಕೆಟ್ಟೇ ಆಗಬೇಕು ಅಂದರೆ ಹಿಂದಿನ ದಿನವೇ ದೆಹಲಿ ಸೇರಿ ರಾತ್ರಿ ಉಳಿದುಕೊಳ್ಳಲಿ.

ಮೈಸೂರಿಂದ ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಸುಮಾರು 185 ಕಿ.ಮೀ. ಎಕ್ಸ್‌ಪ್ರೆಸ್‌ವೇ ಕೆಂಗೇರಿವರೆಗೆ ಬೇಗ ತಲುಪಿಸುತ್ತೆ, ಆಮೇಲೆ ಬೆಂಗಳೂರು ದಾಟಬೇಕು. ಫ್ಲೈಬಸ್ಸಾಗಲಿ (ನಿಲ್ದಾಣಕ್ಕೇ ಹೋಗೋ ಕೆಎಸ್‌ಆರ್‌ಟಿಸಿ ಬಸ್) ಕಾರಾಗಲಿ, ದಾರಿಗೆ ಐದು ಗಂಟೆ, ನಿಲ್ದಾಣದಲ್ಲಿ ಮೂರು ಗಂಟೆ ಇಟ್ಟುಕೊಳ್ಳಿ. ಟಿಕೆಟ್‌ನಲ್ಲಿ 15ನೇ ತಾರೀಕು 00:40 ಅಂತಿದ್ದರೆ ಮನೆ ಬಿಡಬೇಕಾದ್ದು 14ರ ಸಂಜೆ 4:40ರೊಳಗೆ.