ದುಡ್ಡು ಕೊಟ್ಟರೆ ಜೈಲಲ್ಲಿ ‘ಎ ಕ್ಲಾಸ್’ ಸಿಗುತ್ತಾ?

ಪ್ರಶ್ನೆ: ಹೊಡೆದಾಟದ ಕೇಸಲ್ಲಿ ನನ್ನ ತಮ್ಮ ಪರಪ್ಪನ ಅಗ್ರಹಾರದಲ್ಲಿದ್ದಾನೆ. ‘ಎ ಕ್ಲಾಸ್ ಮಾಡಿಸಿ ಒಳ್ಳೆ ಬ್ಯಾರಕ್ ಕೊಡಿಸ್ತೀನಿ’ ಅಂತ ಕೋರ್ಟ್ ಹತ್ತಿರ ಒಬ್ಬರು 50 ಸಾವಿರ ಕೇಳ್ತಿದ್ದಾರೆ. ಕೊಡಲಾ ಸರ್?
– ಬೊಮ್ಮನಹಳ್ಳಿಯ ಓದುಗರು

ಉತ್ತರ: ಕೊಡಬೇಡಿ. ಈ ಪ್ರಶ್ನೆ ಬಾರದ ತಿಂಗಳೇ ಇಲ್ಲ. ಮೊತ್ತ ಮಾತ್ರ ಬೇರೆ ಬೇರೆ. ಅಂತಸ್ತು ನೋಡಿ ಕೈದಿಗಳಿಗೆ ಎ, ಬಿ, ಸಿ ಅಂತ ಕ್ಲಾಸ್ ಮಾಡಿದ್ದು ಬ್ರಿಟಿಷರು. ದಲ್ಲಾಳಿಗಳು ಅದನ್ನು ಇನ್ನೂ ಮಾರ್ತಾ ಇದ್ದಾರೆ.

ಜೈಲಿನವರು ಮೊದಲು ನೋಡುವುದು ವಾರಂಟ್. ಕೇಸು ನಡೀತಿದ್ದರೆ ವಿಚಾರಣಾಧೀನ ಕೈದಿ, ಶಿಕ್ಷೆ ಆಗಿದ್ದರೆ ಸಜಾ ಕೈದಿ. ಇಬ್ಬರನ್ನೂ ಬೇರೆ ಬೇರೆ ಇಡಬೇಕು. ನಿಮ್ಮ ತಮ್ಮನಿಗೆ ಯುಟಿಪಿ (ವಿಚಾರಣಾಧೀನ ಕೈದಿ) ನಂಬರ್ ಕೊಟ್ಟಿರುತ್ತಾರೆ, ಬರೆದಿಟ್ಟುಕೊಳ್ಳಿ. ಅವರು ಸ್ವಂತ ಬಟ್ಟೆ ಹಾಕಿಕೊಳ್ಳಬಹುದು. ದುಡಿಯಲೇಬೇಕು ಅಂತ ಯಾರೂ ಬಲವಂತ ಮಾಡುವಂತಿಲ್ಲ. ಇದಕ್ಕೆಲ್ಲ ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ.

ಆಮೇಲಿನ ವಿಂಗಡಣೆ ವಯಸ್ಸು, ಕಾಯಿಲೆ, ಹಳೇ ಕೇಸು ನೋಡಿ ಆಗುತ್ತದೆ. 18ರಿಂದ 21ರವರು ಬೇರೆ, ಮೊದಲ ಸಲ ಬಂದವರು ಬೇರೆ, ಪದೇ ಪದೇ ಬರುವವರು ಬೇರೆ. ಇದು ಕಾಗದದ ಮಾತು. ಜನ ಜಾಸ್ತಿಯಾದಾಗ ಹೊಸಬರ ಪಕ್ಕದಲ್ಲೇ ಹಳೇ ರೌಡಿಯ ಚಾಪೆ ಇರಬಹುದು. ತಮ್ಮನಿಗೆ ಹೆದರಿಕೆ ಇದ್ದರೆ ವಕೀಲರಿಂದ ಕೋರ್ಟಿಗೆ ಅರ್ಜಿ ಹಾಕಿಸಿ.

ದುಡ್ಡಿಗೆ ಒಳಗೆ ಏನೂ ಸಿಗಲ್ಲ ಅಂತ ನಾನು ಹೇಳ್ತಿಲ್ಲ. 2024ರ ಆಗಸ್ಟ್‌ನಲ್ಲಿ ನಟರೊಬ್ಬರು ಅಲ್ಲೇ ಕುರ್ಚಿ ಹಾಕಿಕೊಂಡು ಕೈಯಲ್ಲಿ ಸಿಗರೇಟು ಹಿಡಿದು ಕೂತ ಫೋಟೊ ನೀವೂ ನೋಡಿದ್ದೀರಿ. ಅಧಿಕಾರಿಗಳು ಅಮಾನತಾದರು, ನಟರು ಬಳ್ಳಾರಿ ಜೈಲು ಸೇರಿದರು. ತಮ್ಮನನ್ನು ನೋಡೋಕೆ ಬಳ್ಳಾರಿವರೆಗೆ ಓಡಾಡುವ ಶಕ್ತಿ ನಿಮಗಿದೆಯಾ?

ಆ 50 ಸಾವಿರ ಉಳಿಸಿ, ಜಾಮೀನಿಗೆ ಓಡಾಡಿ. ಜೈಲಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ, ಸರ್ಕಾರಿ ಖರ್ಚಲ್ಲೇ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 479 ಬಗ್ಗೆಯೂ ಕೇಳಿ. ಹಿಂದೆ ಯಾವತ್ತೂ ಶಿಕ್ಷೆ ಆಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ, ಜಾಮೀನು ಕೊಡಿ ಅಂತ ಜೈಲು ಸೂಪರಿಂಟೆಂಡೆಂಟೇ ಕೋರ್ಟಿಗೆ ಬರೆಯಬೇಕು. ಗಲ್ಲು, ಜೀವಾವಧಿಯ ಕೇಸುಗಳಿಗೆ ಇದಿಲ್ಲ. ಇನ್ನೊಂದು ಕೇಸು ಬಾಕಿ ಇದ್ದರೂ ಇಲ್ಲ. ಇದನ್ನು ಯಾವ ದಲ್ಲಾಳಿಯೂ ಹೇಳಲ್ಲ, ಅವನಿಗೇನು ಲಾಭ?

ಪ್ರಶ್ನೆ: ಜೈಲಲ್ಲಿ ಜಾತಿ ನೋಡಿ ಕೆಲಸ ಹಂಚ್ತಾರಂತೆ?

ಉತ್ತರ: ಹಂಚುವಂತಿಲ್ಲ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಜೈಲಿನ ರಿಜಿಸ್ಟರ್‌ನಲ್ಲಿ ಜಾತಿಯ ಕಾಲಂ ಇರಲೇಕೂಡದು ಅಂದಿದೆ.

ಪ್ರಶ್ನೆ: ಜೈಲಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನ ಅಲ್ವಾ? ಹಾಗಾದರೆ ಜೀವಾವಧಿ ಏಳೇ ವರ್ಷ?

ಉತ್ತರ: ಈ ಲೆಕ್ಕ ಹೇಳಿಕೊಟ್ಟವರಿಂದ ಇನ್ನೇನೂ ಕಲಿಯಬೇಡಿ. ಜೀವಾವಧಿ ಅಂದರೆ ಜೀವ ಇರುವವರೆಗೆ. ಕೊಲೆಯಂಥ ಕೇಸಲ್ಲಿ 14 ವರ್ಷ ಕಳೆದ ಮೇಲೆ ಸರ್ಕಾರ ಬಿಡುಗಡೆ ಮಾಡಬಹುದು. ಮಾಡಲೇಬೇಕು ಅಂತಿಲ್ಲ.

ಪ್ರಶ್ನೆ: ಕೋರಮಂಗಲದಲ್ಲಿ ಬಯಲು ಬಂದೀಖಾನೆ (ತೆರೆದ ಜೈಲು) ಇದೆಯಂತೆ. ಅಲ್ಲಿ ಫ್ಲಾಟ್ ತಗೋಬಹುದಾ?

ಉತ್ತರ: ಅದು ದೇವನಹಳ್ಳಿ ತಾಲ್ಲೂಕಿನ ಕೋರಮಂಗಲ, ಬೆಂಗಳೂರು ನಗರದ್ದಲ್ಲ. ಫ್ಲಾಟ್ ತಗೊಳ್ಳಿ.