ಮೊಬೈಲ್ ಡೇಟಾದಲ್ಲಿ ನೆಕ್ಸ್ಟ್‌ಕ್ಲೌಡ್ ತೆರೆಯದಿದ್ದರೆ

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ನೆಕ್ಸ್ಟ್‌ಕ್ಲೌಡ್, ಅಂದರೆ ನಿಮ್ಮದೇ ಕಡತ ಸಂಗ್ರಹದ ಸರ್ವರ್, ಹಾಕಿಕೊಂಡಿದ್ದೀರಿ. ಅದು ಮನೆ ವೈಫೈನಲ್ಲಿ ತೆರೆಯುತ್ತೆ, ಹೊರಗೆ ಹೋದರೆ ಇಲ್ಲ, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕೋರಿಕೆಯನ್ನು ಪೈಗೆ ಕಳಿಸುವ ರೂಟರ್ ಸೆಟ್ಟಿಂಗ್) ಕೂಡ ಆಗಿದೆ ಅಂದರೆ ಬಹುಪಾಲು ಇದು ಸಿಜಿನ್ಯಾಟ್ ಕಾಟ, ಅಂದರೆ ಒಂದೇ ವಿಳಾಸವನ್ನು ಹಲವರಿಗೆ ಹಂಚುವ ವ್ಯವಸ್ಥೆಯ ಕಾಟ. ನಿಮ್ಮ ಪೈ ಸರಿಯಾಗೇ ಇದೆ. ಐಪಿವಿ4 ಎಂಬ ಹಳೆಯ ಬಗೆಯ ಇಂಟರ್ನೆಟ್ ವಿಳಾಸಗಳ ಕೊರತೆಯಿಂದ ಇಂಟರ್ನೆಟ್ ಕಂಪನಿಗಳು ಒಂದೇ ಪಬ್ಲಿಕ್ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚಿರುತ್ತವೆ. ಹೊರಗಿನ ಕೋರಿಕೆ ನಿಮ್ಮ ರೂಟರ್‌ವರೆಗೂ ಬರುವುದೇ ಇಲ್ಲ.

ಮೊದಲು ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೂಟರ್‌ನ ಹೊರಬದಿಯ ವಿಳಾಸ) ನೋಡಿ. ಅದರ ಮೊದಲ ಎರಡು ಸಂಖ್ಯೆ 100.64ರಿಂದ 100.127ರೊಳಗೆ ಇದ್ದರೆ ಸಿಜಿನ್ಯಾಟೇ. 192.168 ಅಂತಿದ್ದರೆ ಮುಂದೆ ಇನ್ನೊಂದು ರೂಟರ್ ಇದೆ, ಸಾಮಾನ್ಯವಾಗಿ ಫೈಬರ್ ಡಬ್ಬಿಯೇ. ಅದನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವಂತೆ) ಹಾಕಿಸಿ ಮತ್ತೆ ನೋಡಿ.

ಸಿಜಿನ್ಯಾಟ್ ಆಗಿದ್ದರೆ ಸ್ಟ್ಯಾಟಿಕ್ ಐಪಿಗೆ (ನಿಮಗೇ ಮೀಸಲಾದ, ಬದಲಾಗದ ವಿಳಾಸಕ್ಕೆ) ದುಡ್ಡು ಸುರಿಯುವ ಮುಂಚೆ ಟೇಲ್‌ಸ್ಕೇಲ್ ಹಾಕಿ ನೋಡಿ, ಇದು ನಿಮ್ಮ ಸಾಧನಗಳನ್ನು ಖಾಸಗಿ ಜಾಲದಲ್ಲಿ ಜೋಡಿಸುವ ತಂತ್ರಾಂಶ. ಪೈನಲ್ಲೂ ಫೋನಿನಲ್ಲೂ ಇನ್‌ಸ್ಟಾಲ್ ಮಾಡಿ, ಒಂದೇ ಖಾತೆಯಿಂದ ಲಾಗಿನ್ ಆಗಿ. ಪೈಗೆ ಸಿಗುವ ವಿಳಾಸವೂ 100ರಿಂದಲೇ ಶುರುವಾಗುತ್ತೆ, ಗಾಬರಿ ಬೇಡ. ಅದನ್ನು ನೆಕ್ಸ್ಟ್‌ಕ್ಲೌಡ್‌ನ ಕಾನ್ಫಿಗ್.ಪಿಎಚ್‌ಪಿ (config.php) ಕಡತದ ಟ್ರಸ್ಟೆಡ್ ಡೊಮೈನ್ಸ್ (trusted_domains, ಅನುಮತಿಸಿದ ವಿಳಾಸಗಳ) ಪಟ್ಟಿಗೆ ಸೇರಿಸಿ. ಹೊಸ ಸಾಲಿಗೆ ಮುಂದಿನ ಕ್ರಮಸಂಖ್ಯೆ ಕೊಡಿ, ಹಿಂದಿನ ಸಾಲಿನ ಕೊನೆಗೆ ಕಾಮಾ ಇದೆಯೇ ನೋಡಿ. ಆ ಒಂದು ಕಾಮಾ ಬಿಟ್ಟುಹೋದರೆ ಇಡೀ ಸೈಟೇ ಏಳಲ್ಲ. ಫೋನಿನ ನೆಕ್ಸ್ಟ್‌ಕ್ಲೌಡ್ ಆ್ಯಪ್‌ನಲ್ಲಿ ಈ ವಿಳಾಸದಿಂದ ಮತ್ತೆ ಲಾಗಿನ್ ಆಗಿ. ಎಲ್ಲ ಸರಿಹೋದ ಮೇಲೆ ರೂಟರ್‌ನ ಫಾರ್ವರ್ಡಿಂಗ್ ತೆಗೆದುಹಾಕಿ.

ಟೇಲ್‌ಸ್ಕೇಲ್‌ನ ನಿಯಂತ್ರಣ ಸರ್ವರ್ ಒಂದು ಕಂಪನಿಯದ್ದು ಅನ್ನುವುದು ಗಮನದಲ್ಲಿರಲಿ. ಅದೂ ಬೇಡವೆಂದರೆ ಆ ಸರ್ವರನ್ನು ನೀವೇ ನಡೆಸಲು ಹೆಡ್‌ಸ್ಕೇಲ್ ಎಂಬ ತಂತ್ರಾಂಶ ಇದೆ, ಆದರೆ ಅದಕ್ಕೆ ಪಬ್ಲಿಕ್ ಐಪಿ ಇರುವ ಸರ್ವರ್ ಬಾಡಿಗೆಗೆ ಬೇಕಾಗುತ್ತೆ.

ವ್ಯಾನ್ ಐಪಿ ಪಬ್ಲಿಕ್ ಆಗಿದ್ದೂ ಹೀಗಾಗುತ್ತಿದ್ದರೆ ನನ್ನ ಊಹೆ ತಪ್ಪು. ಆಗ ವೆಬ್‌ಗೆ ಬಳಸುವ 80, 443 ಪೋರ್ಟ್‌ಗಳನ್ನು ಇಂಟರ್ನೆಟ್ ಕಂಪನಿಯೇ ತಡೆದಿರಬಹುದು. ಫಾರ್ವರ್ಡಿಂಗ್‌ನಲ್ಲಿ ಹೊರಗಿನ ಪೋರ್ಟ್ ಆಗಿ 8443 ಕೊಟ್ಟು ಪರೀಕ್ಷಿಸಿ.